ಏಳು ಒಂದುಗಳ ಲೆಕ್ಕ

ಆಗೆಲ್ಲ ಹುರುಳಿ ಕೀಳುವ ದಿನ ಬಂತೆಂದರೆ ನಮ್ಮ ಶಾಲೆಯಲ್ಲಿ ಅರ್ಧ ಮಕ್ಕಳೂ ಇರುತ್ತಿರಲಿಲ್ಲ. ಲೊಕ್ಕನಹಳ್ಳಿಯಿಂದಾಚೆ ಕಾಡಿಗೆ ಅಂಟಿಕೊಂಡ ಊರು ನಮ್ಮದು. ಉಳಿದವರು ಬಿಸಿಯೂಟದ ಸಾರಿನ ವಾಸನೆಗೆ ಮೂಗೊಡ್ಡಿಕೊಂಡು, ಹುಣಸೆಬೀಜದಲ್ಲಿ ಅಳಿಗುಳಿಮಣೆ ಆಡುತ್ತಿದ್ದೆವು. ಆ ಆಟದಲ್ಲಿ ಜಡೆಮ್ಮನನ್ನು ಗೆದ್ದವರಿಲ್ಲ. ಗುಡ್ಡದ ಪೋಡಿನಿಂದ, ಅಂದರೆ ತಮ್ಮ ಜನರ ಹಟ್ಟಿಯಿಂದ, ನಡೆದು ಬರುತ್ತಿದ್ದ ಸೋಲಿಗರ ಹುಡುಗಿ. ಏಳನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು.

ಅಂಥ ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಏಳು ಒಂದುಗಳನ್ನು ಸಾಲಾಗಿ ಬರೆದರು: 11,11,111. "ಇದು ಅವಿಭಾಜ್ಯ ಸಂಖ್ಯೆ. ಒಂದನ್ನೂ ಇದನ್ನೂ ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತೆ" ಎಂದರು. ನಾವು ಬರೆದುಕೊಂಡೆವು. ಜಡೆಮ್ಮ ಬರೆದುಕೊಳ್ಳಲಿಲ್ಲ.

ನಾಲ್ಕು ದಿನ ಅವಳು ಆಟಕ್ಕೆ ಬರಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಬರೀ ಭಾಗಾಕಾರ. ಮೂರರಲ್ಲಿ ಹೋಗದ್ದು ಒಂಬತ್ತರಲ್ಲೂ ಹೋಗದು ಎಂದು ತಾನೇ ಕಂಡುಕೊಂಡು, ಬೇಡದ ಸಂಖ್ಯೆಗಳನ್ನು ಬಿಡುತ್ತ ಹೋದಳು. ಐದನೆಯ ದಿನ ಬೆಳಿಗ್ಗೆ ಹಾಳೆ ಹಿಡಿದು ಓಡಿಬಂದಳು.

"ಇನ್ನೂರ ಮೂವತ್ತೊಂಬತ್ರಲ್ಲಿ ಓಯ್ತದೆ ಕಣೇ! ನಾಕ್ ಸಾವ್ರದ ಆರ್ನೂರ ನಲವತ್ತೊಂಬತ್ ಸಲ. ಏನೂ ಉಳಿಯಲ್ಲ!"

ಮೇಷ್ಟ್ರ ಮುಂದೆ ಬಾಯಿ ಬಿಡಲು ಅವಳಿಗೆ ಹೆದರಿಕೆ. "ನೀನೇ ತೋರ್ಸು" ಎಂದು ಹಾಳೆಯನ್ನು ನನ್ನ ಕೈಗಿಟ್ಟು ಬಾಗಿಲಲ್ಲೇ ನಿಂತಳು. ಮೇಷ್ಟ್ರು ತಾವೇ ಗುಣಿಸಿ ನೋಡಿದರು. ಎರಡು ಸಲ. ಆಮೇಲೆ ಕನ್ನಡಕ ತೆಗೆದು, "ಇದ್ನ ನೀನೇ ಮಾಡಿದ್ದಾ ಅವ್ವ?" ಎಂದರು.

"ಹೂಂ ಸಾ" ಎಂದುಬಿಟ್ಟೆ. ಅದುವರೆಗೆ ಯಾರೂ ನನ್ನನ್ನು ಅಷ್ಟು ಸಂತೋಷದಿಂದ ನೋಡಿರಲಿಲ್ಲ.

ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಎಲ್ಲರೆದುರು ತಮ್ಮ ತಪ್ಪು ಒಪ್ಪಿಕೊಂಡು, ನನ್ನನ್ನು ಕೊಳ್ಳೇಗಾಲದ ಗಣಿತ ಸ್ಪರ್ಧೆಗೆ ಆರಿಸಿದರು. ಅಲ್ಲಿ ಒಂದನ್ನೂ ಅದನ್ನೂ ಬಿಟ್ಟು 10,001 ಅನ್ನು ಬೇರೆ ಯಾವ ಸಂಖ್ಯೆ ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ಕೇಳಿದ್ದರು. ಖಾಲಿ ಹಾಳೆ ಕೊಟ್ಟು ಬಂದೆ.

ವಾಪಸು ಬಂದಾಗ ಜಡೆಮ್ಮ ಒಂದೇ ಮಾತು ಕೇಳಿದಳು: "ಏನ್ ಕೇಳುದ್ರು?" ಹೇಳಿದೆ. ಮಾರನೆಯ ಮಧ್ಯಾಹ್ನ, "ಎಪ್ಪತ್ಮೂರು" ಎಂದಷ್ಟೇ ಹೇಳಿ, ಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂತಳು. ನಮ್ಮೂರ ಶಾಲೆ ಇದ್ದದ್ದು ಏಳನೇ ತರಗತಿಯವರೆಗೆ ಮಾತ್ರ; ಬೇಸಿಗೆ ರಜೆ ಕಳೆದ ಮೇಲೆ ಅವಳ ಓದು ನಿಂತಿತು. ಮೇಷ್ಟ್ರು ತಾವೇ ಅರ್ಜಿ ಬರೆದು ನನ್ನನ್ನು ಹನೂರಿನ ಹಾಸ್ಟೆಲಿಗೆ ಸೇರಿಸಿದರು. ಜಡೆಮ್ಮನಿಗೂ ಒಂದು ಅರ್ಜಿ ಬರೆಯಬೇಕೆಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಈಗ ನಾನು ಗಣಿತ ಕಲಿಸುತ್ತೇನೆ. ಮೊನ್ನೆ ಅಜ್ಜೀಪುರದಲ್ಲಿ ಬಸ್ಸಿಗೆ ಕಾಯುವಾಗ ಅವಳು ಸಿಕ್ಕಳು. ಸಸಿ ಬೆಳೆಸುವ ನರ್ಸರಿಯಲ್ಲಿ ದಿನಗೂಲಿಯಂತೆ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ: "ಅವತ್ತು ನಾನು ಸುಳ್ಳು ಹೇಳ್ದೆ ಜಡೆಮ್ಮ."

"ಅದ್ನ ನಂಗ್ಯಾಕ್ ಏಳ್ತೀಯ? ನಂಗ್ ಗೊತ್ತಿದ್ದದ್ದೇ" ಎಂದಳು. "ಮೇಷ್ಟ್ರಿಗ್ ಏಳ್ಬೇಕಿತ್ತು."

ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ತಮ್ಮ ಕೈಲಿ ಕಲಿತವರಲ್ಲಿ ಬುದ್ಧಿವಂತೆ ಯಾರೆಂದು ಕೇಳಿದರೆ ಕೊನೆಯವರೆಗೂ ನನ್ನ ಹೆಸರನ್ನೇ ಹೇಳುತ್ತಿದ್ದರಂತೆ. ಈಗ ಎಲ್ಲಿ ನಿಂತು ನಿಜ ಹೇಳಿದರೂ, ಅದನ್ನು ಕೇಳಿಸಿಕೊಳ್ಳಬೇಕಾದವರು ಇಲ್ಲ.