ಶಾಂತಕ್ಕನ ಕಡೆಯ ಸಾಕ್ಷಿ

ಮೊದಲ ದಿನ ಕೋರ್ಟಿನ ಗುಮಾಸ್ತ ಎದ್ದು ನಿಂತು, "ಪೀಪಲ್ ಆಫ್ ದ ಸ್ಟೇಟ್ ಆಫ್ ಇಲಿನಾಯ್ ವರ್ಸಸ್" ಎಂದು ಕಾರು ಓಡಿಸಿದ ಹುಡುಗಿಯ ಹೆಸರು ಕೂಗಿದಾಗ ನಾನು ಹಿಂತಿರುಗಿ ನೋಡಿದೆ. ಯಾವ ಪೀಪಲ್ ಬಂದಿದ್ದಾರೆ? ಹಿಂದಿನ ಬೆಂಚಿನಲ್ಲಿ ಇದ್ದವರು ನನ್ನ ಮಗಳು ಮೀರಾ, ಅವಳ ಪಕ್ಕ ಶಾಂತಕ್ಕನ ಮಗ ಪ್ರಸನ್ನ. ಸತ್ತವಳು ಶಾಂತಕ್ಕ. ಅವಳ ಹೆಸರನ್ನು ಯಾರೂ ಕೂಗಲಿಲ್ಲ.

ನಮ್ಮ ತಂದೆ ಮೈಸೂರಿನಲ್ಲಿ ವಕೀಲರಾಗಿದ್ದರು. ಜಗಲಿಯಲ್ಲಿ ಕೂತ ಕಕ್ಷಿದಾರರು 'ನಮ್ಮ ಕಡೆ', 'ಅವರ ಕಡೆ' ಎಂದೇ ಮಾತಾಡುತ್ತಿದ್ದರು. ಅಲ್ಲಿ ಜಿಲ್ಲೆ ಇದ್ದ ಹಾಗೆ ಇಲ್ಲಿ ಕೌಂಟಿ. ಕೌಂಟಿಯ ಕ್ರಿಮಿನಲ್ ಕೇಸುಗಳನ್ನು ನಡೆಸುವವರಿಗೆ ಶಿಕಾಗೋದಲ್ಲಿ ಸ್ಟೇಟ್ಸ್ ಅಟಾರ್ನಿ ಎನ್ನುತ್ತಾರೆ. ಮೊದಲು ಡೆಟ್ರಾಯಿಟ್ ಹತ್ತಿರ ಇದ್ದಾಗ ಅದೇ ಹುದ್ದೆಗೆ ಪ್ರಾಸಿಕ್ಯೂಟರ್ ಎಂಬ ಹೆಸರಿತ್ತು. ನಮ್ಮಲ್ಲಿ ಸರ್ಕಾರ ನೇಮಿಸುತ್ತದೆ, ಇಲ್ಲಿ ಜನ ಓಟು ಹಾಕಿ ಆರಿಸುತ್ತಾರೆ. ಎಲೆಕ್ಷನ್ ಬಂದರೆ ಮನೆ ಮುಂದಿನ ಲಾನ್‌ಗಳಲ್ಲೆಲ್ಲ ಅವರ ಬೋರ್ಡು. "ಜೇಲಿಗೆ ಕಳಸೋರಿಗೂ ಓಟೇನ ತಂಗೀ ಇಲ್ಲೆ!" ಎಂದು ಶಾಂತಕ್ಕ ಬಿದ್ದು ಬಿದ್ದು ನಕ್ಕಿದ್ದಳು.

ಅವಳು ಧಾರವಾಡದವಳು. ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ಸಂಜೆ ಇಬ್ಬರೂ ವಾಕಿಂಗ್ ಹೋಗುತ್ತಿದ್ದೆವು. ಕಂಬದ ಬಟನ್ ಒತ್ತಿ, ಬಿಳಿ ಮನುಷ್ಯನ ಚಿತ್ರ ಬರುವವರೆಗೂ ಕಾಯುವುದು ನನಗೆ ರೂಢಿಯಾಗಿತ್ತು. ಅವಳಿಗೆ ಕೊನೆಗೂ ಆಗಲಿಲ್ಲ. ಊರಿನಲ್ಲಿ ನಾವೆಲ್ಲ ರಸ್ತೆ ದಾಟುವ ಹಾಗೆ, ಅಂಗೈ ತೋರಿಸಿ ನುಗ್ಗುವುದೇ. ಬಸ್ಸಿನವನು ಬೈಯುತ್ತಾನೆ, ಆದರೆ ನಿಲ್ಲಿಸುತ್ತಾನೆ. ಆ ಸಂಜೆ ಎದುರಿನ ಕಂಬದಲ್ಲಿ ನಿಲ್ಲು ಎನ್ನುವ ಕೆಂಪು ಕೈ ಉರಿಯುತ್ತಿತ್ತು. "ಬಾ ತಂಗೀ, ನಿಲ್ತಾವ," ಎಂದು ಶಾಂತಕ್ಕ ತನ್ನ ಕೈ ಎತ್ತಿ ಇಳಿದೇಬಿಟ್ಟಳು. ಕಾರು ವಿಪರೀತ ಜೋರಾಗಿ ಬಂತು.

ನೋಡಿದವಳು ನಾನೊಬ್ಬಳೇ. ಪೊಲೀಸರು ಕಾರಿನ ಸ್ಪೀಡ್ ಕೇಳಿದರು, ಹೇಳಿದೆ. ಸಿಗ್ನಲ್ ಮಾತು ಬರುವ ಮೊದಲೇ ಮೀರಾ ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಅಂದಿನಿಂದ ಅಡುಗೆಮನೆಯ ಗಾಜಿನ ಮೇಲೆ ಹಬೆ ಕಟ್ಟಿದರೆ ಐದು ಬೆರಳು ಕಾಣುತ್ತವೆ. ಒರೆಸುತ್ತೇನೆ. ಅನ್ನದ ಕುಕ್ಕರ್ ಕೂಗಿದರೆ ಮತ್ತೆ ಬರುತ್ತವೆ.

ಸ್ಟೇಟ್ಸ್ ಅಟಾರ್ನಿ ಕಚೇರಿಯಿಂದ ಕರೆ ಬಂದಾಗ ಪ್ರಸನ್ನನೇ ಡ್ರೈವ್ ಮಾಡಿದ, ಮೀರಾಳೂ ಜೊತೆಗಿದ್ದಳು.

"ಆಂಟಿ, ಅಮ್ಮ ಸಿಗ್ನಲ್ ನೋಡೇ ದಾಟಿದ್ಲು, ಅಲ್ವಾ?"



"ಪ್ರೆಶರ್ ಹಾಕ್ಬೇಡ ಪ್ರಸನ್ನ," ಎಂದಳು ಮೀರಾ.

"ಪ್ರೆಶರ್ ಅಲ್ವೇ. ಆ ಹುಡುಗಿ ಇವತ್ತೂ ಮನೆಗೆ ಹೋಗಿ ಊಟ ಮಾಡ್ತಾಳೆ. ನಮ್ಮಮ್ಮ ಎಲ್ಲಿ?"

ಒಳಗೆ ಹೋದವಳು ನಾನೊಬ್ಬಳೇ. ಸಣ್ಣ ವಯಸ್ಸಿನ ಲಾಯರಮ್ಮ. ನಮ್ಮ ಕಡೆಯ ವಕೀಲರ ಬಳಿಗೆ ಬರಿಗೈಯಲ್ಲಿ ಹೋಗಬಾರದೆಂದು ಲಾಡು ಒಯ್ದಿದ್ದೆ. ಆಕೆ ನಗುತ್ತಲೇ ಡಬ್ಬಿಯನ್ನು ನನ್ನತ್ತ ಸರಿಸಿದಳು. ಸಾಕ್ಷಿಗಳಿಂದ ಏನೂ ತೆಗೆದುಕೊಳ್ಳುವಂತಿಲ್ಲ. "ಅಂಡ್ ಐ ಆಮ್ ನಾಟ್ ಯುವರ್ ಲಾಯರ್, ಮ್ಯಾಮ್." ಶಾಂತಕ್ಕನ ಲಾಯರೂ ಅಲ್ಲವಂತೆ.

"ದೆನ್ ಹೂಸ್?" ಎಂದೆ.

ಆಕೆ ಬೇಸರಿಸದೆ ವಿವರಿಸಿದಳು. ಹಿಂದೆ ಇಂಗ್ಲೆಂಡಿನಲ್ಲಿ ಸತ್ತವರ ಕಡೆಯವರೇ ಮೊಕದ್ದಮೆ ನಡೆಸಬೇಕಿತ್ತಂತೆ. ದುಡ್ಡಿಲ್ಲದವರ ಸಾವನ್ನು ಕೇಳುವವರಿರಲಿಲ್ಲವಂತೆ. ಅಮೆರಿಕದಲ್ಲಿ ಆ ಹೊಣೆಯನ್ನು ಕ್ರಮೇಣ ಎಲ್ಲರ ಪರವಾಗಿ ಒಂದು ಕಚೇರಿ ಹೊತ್ತುಕೊಂಡಿತು. ಆಮೇಲೆ ಅದರ ಯಜಮಾನರನ್ನು ಜನರೇ ಆರಿಸತೊಡಗಿದರು. "ಆ ಹುಡುಗಿಯೂ ಪೀಪಲ್‌ನಲ್ಲಿ ಒಬ್ಬಳು. ನೀವು ಹೇಳುವುದು ಅವಳಿಗೆ ಅನುಕೂಲವಾಗಿದ್ದರೆ ಅವಳ ವಕೀಲರಿಗೆ ನಾನು ತಿಳಿಸಲೇಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿ, ಯಾವ ಸಿಗ್ನಲ್ ಇತ್ತು ಎಂದು ಕೇಳಿದಳು.

ಅಪ್ಪನ ಜಗಲಿಯಲ್ಲಿ ನಮ್ಮ ಕಡೆಯ ಸಾಕ್ಷಿಗಳು ನಮ್ಮ ಕಡೆಗೆ ಬೇಕಾದದ್ದನ್ನೇ ನೋಡಿರುತ್ತಿದ್ದರು. ಬಿಳಿ ಎಂದರೆ ಆ ಹುಡುಗಿ ಜೈಲಿಗೆ, ಕೆಂಪು ಎಂದರೆ ಶಾಂತಕ್ಕನ ಸಾವಿನ ತಪ್ಪು ಶಾಂತಕ್ಕನ ಮೇಲೆ.

"ರೆಡ್," ಎಂದೆ. "ಅಂಡ್ ದ ಕಾರ್ ವಾಸ್ ಟೂ ಫಾಸ್ಟ್. ಬೋತ್."

"ಆಕೆ ಹೇಗೆ ದಾಟಿದರು, ತೋರಿಸುತ್ತೀರಾ?"

ಕೈ ಎತ್ತಿದೆ. ಬೆರಳು ಅಗಲಿಸಿದ್ದು ನನ್ನ ರೀತಿಯಲ್ಲ, ಮಣಿಕಟ್ಟು ಹಿಂದಕ್ಕೆ ಬಾಗಿದ್ದೂ ನನ್ನದಲ್ಲ. ಆ ಕೈಯನ್ನು ಇಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಲಾಯರಮ್ಮ ಎದ್ದು ಬಂದು ಮೆಲ್ಲಗೆ ಹಿಡಿದು ಮೇಜಿನ ಮೇಲಿಟ್ಟಳು.

ಹೊರಗೆ ಪ್ರಸನ್ನ ನಿಂತಿದ್ದ. ಅವನಿಗೆ ಬೇರೆಯವರಿಂದ ತಿಳಿಯಬಾರದೆಂದು ನಾನೇ ಹೇಳಿದೆ.

"ನೀವು ಯಾರ ಕಡೆ, ಆಂಟಿ?"

ಅಷ್ಟೇ ಕೇಳಿದ. ಹಿಂತಿರುಗುವಾಗ ರೇಡಿಯೋ ಕೂಡ ಹಾಕಲಿಲ್ಲ.

ಕೆಲವು ತಿಂಗಳ ಮೇಲೆ ಸಾವಿಗೆ ಕಾರಣಳಾದಳೆಂಬ ದೊಡ್ಡ ಆರೋಪವನ್ನು ಕೈಬಿಟ್ಟರು, ಅತಿವೇಗದ್ದು ಮಾತ್ರ ಉಳಿಯಿತು. ಸುಳ್ಳು ಹೇಳದ ಸಮಾಧಾನ ಬರುತ್ತದೆಂದು ಕಾದೆ. ಬಂದಿಲ್ಲ. ಬೇರೆ ಏನು ಹೇಳಬಹುದಿತ್ತೆಂದೂ ಹೊಳೆದಿಲ್ಲ.

ನವರಾತ್ರಿಯಲ್ಲಿ ಲೆಮಾಂಟ್ ದೇವಸ್ಥಾನದ ಊಟದ ಹಾಲ್‌ನಲ್ಲಿ ಪ್ರಸನ್ನ ಎದುರಾದ. ಜೊತೆಯಲ್ಲಿ ನಾಲ್ಕು ಜನ ನಮ್ಮವರೇ.

"ಊಟ ಆಯ್ತೇನಪ್ಪ?" ಎಂದೆ.

"ಹಲೋ ಆಂಟಿ. ಯೆಸ್, ವಿ ಆರ್ ಡನ್. ಯು ಟೇಕ್ ಕೇರ್."

ಹೇಳಿ, ಅವರ ಕಡೆ ತಿರುಗಿ ಕನ್ನಡದಲ್ಲಿ ಮಾತು ಮುಂದುವರಿಸಿದ. ಅದು ಕಿವಿಗೆ ಬೀಳುವಷ್ಟು ದೂರದಲ್ಲಿ, ತಟ್ಟೆ ಹಿಡಿದು, ಸ್ವಲ್ಪ ಹೊತ್ತು ನಿಂತಿದ್ದೆ.