ರಕ್ತ ಹುಡುಕುವ ಪ್ರೋಗ್ರಾಂ

ತೊಂಬತ್ತರ ದಶಕದ ಕೊನೆಗೆ ನಾನು ಸೊಲ್ಲಾಪುರದ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ರಕ್ತದಾನಿಗಳನ್ನು ಬೇಗ ಹುಡುಕಿಕೊಡುವ ಪ್ರೋಗ್ರಾಂ ಬೇಕೆಂದು ಒಂದು ಬ್ಲಡ್ ಬ್ಯಾಂಕಿನವರು ಕೇಳಿದರು. ನಾನು ಬರೆದುಕೊಟ್ಟದ್ದನ್ನು ಅಲ್ಲಿನ ಟೆಕ್ನಿಷಿಯನ್ ಹೆಂಗಸು, ಎಲ್ಲರೂ ಅಕ್ಕ ಎನ್ನುತ್ತಿದ್ದವರು, ನೋಡಿ ನಕ್ಕುಬಿಟ್ಟರು.

"ಇದು ಹೆಸರ ಮೊದಲ ಕೇಳತೈತಲ್ರಿ. ಹೆಸರ ಗೊತ್ತಿದ್ರ ನಾ ಯಾಕ ಹುಡುಕಲಿ? ನನಗ ಬೇಕಾಗಿದ್ದು ರಕ್ತದ ಗುಂಪು."

ಆಮೇಲೆ ದಿನಾ ಅವರ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ಅವರ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೀಬೋರ್ಡು, ಕಿಟಕಿಯಾಚೆ ಅಳುವ ಜನ. ಕಾಗದದ ಮೇಲೆ ಪೆನ್ಸಿಲಿನಿಂದ ಕಂಪ್ಯೂಟರ್ ಪರದೆ ಬರೆದು ತೋರಿಸುವುದು, ಅವರು ಬೇಡವೆಂದದ್ದನ್ನು ಅಳಿಸುವುದು. ಕೊನೆಗೆ ಒಂದೇ ಕೀ ಒತ್ತಿದರೆ ಆ ಗುಂಪಿನವರೆಲ್ಲ ಫೋನ್ ನಂಬರಿನ ಸಮೇತ ಬರುವಂತಾಯಿತು.

ಒಂದು ಮಧ್ಯಾಹ್ನ ಭಂಡಾರಕವಠೆಯ ಕುರಿಗಾಹಿಯೊಬ್ಬ ಆಸ್ಪತ್ರೆಯ ಚೀಟಿ ಹಿಡಿದು ಬಂದ. ಹೆರಿಗೆಯಾದ ಹೆಂಡತಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಓ ನೆಗೆಟಿವ್ ಬೇಕಿತ್ತು, ಫ್ರಿಜ್ಜಿನಲ್ಲಿರಲಿಲ್ಲ. ಅಕ್ಕ ಕೀ ಒತ್ತಿದರು. ಕೂಡಲೇ ಎರಡು ಹೆಸರು ಬಂದವು.

"ಸಿಕ್ಕಾರೇನ್ರಿ?"

"ಸಿಕ್ಕಾರ," ಎಂದೆ. ಅವನು ಗೋಡೆಗೆ ಒರಗಿ ಕುಳಿತು ಕಣ್ಣು ಮುಚ್ಚಿದ.

ಒಬ್ಬ ದಾನಿ ಅಕ್ಕಲಕೋಟೆಯವನು; ನಂಬರು ಅವನ ಮನೆ ಪಕ್ಕದ ಬಟ್ಟೆ ಅಂಗಡಿಯದು. ಊಟದ ವೇಳೆ, ಅಂಗಡಿ ಮುಚ್ಚಿತ್ತು; ಯಾರೂ ಎತ್ತಲಿಲ್ಲ. ಇನ್ನೊಬ್ಬ ದಾನಿ ವಾಗದರಿಯವನು. ಅಲ್ಲಿನ ಕಿರಾಣಿ ಅಂಗಡಿಯವನು ಎತ್ತಿ, "ಅಂವ ಹೊಲಕ್ಕ ಹೋಗ್ಯಾನ್ರಿ. ಯಾರನರ ಕಳಿಸಿ ನೋಡ್ತೀನಿ," ಎಂದ.

ಆ ರೈತ ಬಸ್ ಹಿಡಿದು ಬಂದಾಗ ಹೊತ್ತು ಮುಳುಗಿತ್ತು. ಕಾಲಿನ ಮಣ್ಣು ಕೂಡ ತೊಳೆದಿರಲಿಲ್ಲ. ಅಂಗಿಯ ತೋಳು ಮಡಚುತ್ತ, "ಎಲ್ಲಿ ಮಲಗಲ್ರಿ?" ಎಂದ. ಅಷ್ಟರಲ್ಲಿ ಆಸ್ಪತ್ರೆಯಿಂದ ಬಾಣಂತಿ ತೀರಿಕೊಂಡ ಸುದ್ದಿ ಬಂದಾಗಿತ್ತು. ಕುರಿಗಾಹಿ ಹೊರಟುಹೋಗಿದ್ದ.

"ಇನ್ನ ಬ್ಯಾಡ್ರಿ," ಎಂದರು ಅಕ್ಕ. ರೈತ ಮಡಚಿದ ತೋಳಿನಲ್ಲೇ ಬಸ್ ಸ್ಟ್ಯಾಂಡಿಗೆ ಹೊರಟ.

ಪ್ರೋಗ್ರಾಮಿನಲ್ಲಿ ತಪ್ಪೇನಿಲ್ಲ ಎಂದರು ನಮ್ಮ ಮಾಲಕರು. ಆದರೂ ನಾನು ರಜೆ ಹಾಕಿ ದಾನಿಗಳ ಮನೆಗಳಿಗೆ ತಿರುಗಿದೆ. ಮಧ್ಯಾಹ್ನ ಎಲ್ಲಿರುತ್ತಾರೆ, ಯಾರು ಹೋಗಿ ಕರೆಯಬೇಕು, ಬಸ್ಸಿಲ್ಲದಿದ್ದರೆ ಯಾರ ಮೋಟಾರ್ ಸೈಕಲ್ ಸಿಗುತ್ತದೆ ಎಂದು ಕೇಳಿದೆ. ವಾಗದರಿಯಲ್ಲಿ ಆ ರೈತನ ಹೆಂಡತಿ ಚಹಾ ತಂದಿಟ್ಟಳು.

"ಆ ಬಾಣಂತಿ ಈಗ ಹ್ಯಾಂಗದಾಳ್ರಿ?"

ರೈತ ಮನೆಯಲ್ಲಿ ಹೇಳಿರಲಿಲ್ಲ. ನಾನು ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಮ್ಯಾಲ ನನ್ನ ಕರೀರಿ. ನಾ ಹೊಲಕ್ಕ ಓಡತೀನಿ," ಎಂದಳು.

ಅದನ್ನೆಲ್ಲ ಪರದೆಗೆ ಸೇರಿಸಿದೆ. ಮುಂದೆ ಕೆಲವರು ವೇಳೆಗೆ ಬಂದರು. ಕೆಲವರು ಬರಲಿಲ್ಲ.