ಕುಬಿಯಾಕ್ ಅಳಿಸಿದ ತೋಳು

ಡೆಟ್ರಾಯ್ಟಿನ ನಮ್ಮ ಜಾಹೀರಾತು ಕಚೇರಿಯಲ್ಲಿ ಕಾರುಗಳ ಚಿತ್ರ ಬರೆಯುವ ಕುಬಿಯಾಕ್ ಯಾವ ಕಾರನ್ನೂ ಅದರ ಅಳತೆಗೆ ಬರೆದವನಲ್ಲ. ಅವನ ಕುಂಚ ತಾಗಿದರೆ ಸಾಕು, ಕಾರಿನ ಮೂತಿ ಒಂದು ಊರಿನಲ್ಲಿದ್ದರೆ ಬಾಲದ ರೆಕ್ಕೆ ಪಕ್ಕದ ಊರಿನಲ್ಲಿರುತ್ತದೆ. ಒಳಗೆ ಕೂತವರು ಬೆರಳುದ್ದವಾಗಿ ನಗುತ್ತಿರುತ್ತಾರೆ. ಎದುರಿನಿಂದ ಬರುವ ಇನ್ನೊಂದು ಗಾಡಿಯನ್ನು ಮಾತ್ರ ಅವನು ಬರೆಯಲಾರ. ಮಗುವನ್ನು ಅಪ್ಪ ಅಮ್ಮನ ನಡುವೆ ಮುಂದಿನ ಉದ್ದನೆಯ ಸೀಟಿನ ಮೇಲೆ ನಿಲ್ಲಿಸು ಎಂದು ಸಾಹೇಬರು ಹೇಳಿದಾಗಲೆಲ್ಲ, ಮಗು ಮುಂದಕ್ಕೆ ಬೀಳದಂತೆ ತಡೆಯುವ ಹಾಗೆ ಅಮ್ಮನ ತೋಳನ್ನು ಅದರ ಎದೆಗೆ ಅಡ್ಡ ಹಾಕಿಬಿಡುತ್ತಾನೆ. "ಇದೇನಯ್ಯಾ, ಜನ ಕಾರು ಕೊಳ್ಳಬೇಕೋ, ಹೆದರಿ ಓಡಬೇಕೋ? ಆ ತೋಳು ಅಳಿಸು," ಎಂದು ಅವರು ಗದರುತ್ತಾರೆ. ಅವನು ಅಳಿಸುತ್ತಾನೆ; ಮುಂದಿನ ಚಿತ್ರದಲ್ಲಿ ಆ ತೋಳು ಮತ್ತೆ ಬಂದಿರುತ್ತದೆ. ಸಂಜೆ ನಮ್ಮನ್ನು ಮನೆಗೆ ಬಿಡುವಾಗ ಮೂವರನ್ನೂ ಹಿಂದಿನ ಸೀಟಿಗೇ ತುರುಕುತ್ತಾನೆ. "ಮುಂದೆ ಅಷ್ಟಗಲ ಜಾಗ ಖಾಲಿ ಬಿದ್ದಿದೆಯಲ್ಲೋ, ಯಾವ ಮಹಾರಾಣಿಗೆ ಇಟ್ಟಿದ್ದೀಯ?" ಎಂದು ಜತೆಗಾರ ಹೋವಿ ಕೆಣಕಿದರೂ, ಸೈಕಲ್ಲಿನವರು ದಾಟಿ ಹೋಗುವಷ್ಟು ನಿಧಾನವಾಗಿ, ಬೆವರುತ್ತಾ ಓಡಿಸುತ್ತಾನೆ. ನಿನ್ನೆ ಲಾರಿಯೊಂದು ಎದುರಿಗೆ ನುಗ್ಗಿ ಬಂದಾಗ ಗಕ್ಕನೆ ಬ್ರೇಕು ಹಾಕಿದ. ಎಡಗಡೆಯ ಸ್ಟಿಯರಿಂಗ್ ಬಿಟ್ಟು ಅವನ ಬಲಗೈ ತಾನಾಗಿ ಚಾಚಿ, ಆ ಖಾಲಿ ಸೀಟಿಗೆ ಅಡ್ಡವಾಗಿ, ಸೀಟಿನ ಮೇಲೆ ನಿಂತ ಮಗುವೊಂದರ ಎದೆಯ ಎತ್ತರದಲ್ಲಿ ಬಿಗಿದುಕೊಂಡಿತು. ಲಾರಿ ದಾಟಿ ಹೋದ ಮೇಲೂ ಆ ಕೈ ಇಳಿಯಲಿಲ್ಲ.